ಗುಜರಿಲಿ ಸಿಕ್ಕ ಇಮೇಜ್ ಇಂಟೆನ್ಸಿಫೈಯರ್: ಒಳಗೆ ಏನಿರುತ್ತೆ, ಬೆಳಕು ಎಲ್ಲಿಂದ ಬರುತ್ತೆ?

ಗುಜರಿ_ಗಿರಾಕಿ:
ಎಲ್ರಿಗೂ ನಮಸ್ಕಾರ. ಹೋದ ಶನಿವಾರ ಹಳೇ ಯುಪಿಎಸ್ ಟ್ರಾನ್ಸ್‌ಫಾರ್ಮರ್ ಹುಡುಕ್ಕೊಂಡು ಗುಜರಿಗೆ ಹೋಗಿದ್ದೆ, ಮೂಲೇಲಿ ಹಾಲಿನ ಕ್ಯಾನ್ ತರದ ಒಂದು ಡಬ್ಬ ಬಿದ್ದಿತ್ತು, ಎತ್ತೋಕೆ ಹೋದ್ರೆ ಸೊಂಟ ಹಿಡ್ಕೊಳ್ಳೋ ಭಾರ. ಒಂದು ಕಡೆ ಹೊರಗೆ ಉಬ್ಬಿರೋ ಅಲ್ಯುಮಿನಿಯಂ ಮುಖ, ಊಟದ ತಟ್ಟೆ ಅಷ್ಟಗಲ, ಇನ್ನೊಂದು ತುದೀಲಿ ರೂಪಾಯಿ ನಾಣ್ಯದಷ್ಟು ಗಾಜಿನ ಕಿಂಡಿ, ಪಕ್ಕದಲ್ಲಿ ದಪ್ಪ ದಪ್ಪ ಹೈ ವೋಲ್ಟೇಜ್ ವೈರು. ಗುಜರಿಯವನು "ಆಸ್ಪತ್ರೆ ಐಟಂ ಸಾರ್, ಎಕ್ಸ್‌ರೇ ಟ್ಯೂಬು" ಅಂದ. ಲೇಬಲ್ ಓದಿದ್ರೆ ಇಮೇಜ್ ಇಂಟೆನ್ಸಿಫೈಯರ್ (ಎಕ್ಸ್‌ರೇ ಚಿತ್ರಾನ ಬ್ರೈಟ್ ಮಾಡೋ ಟ್ಯೂಬಂತೆ), 9 ಇಂಚು ಅಂತಿದೆ. 1,800 ಕೊಟ್ಟು ತಂದೆ, ಮನೇಲಿ ಬೈಸ್ಕೊಂಡಿದ್ದೂ ಆಯ್ತು.

ಈಗ ಪ್ರಶ್ನೆ. ಇದರಿಂದ ರೇಡಿಯೇಷನ್ ಬರುತ್ತಾ? ಒಳಗೆ ಚಿಪ್ಪಿಲ್ಲ ಟ್ರಾನ್ಸಿಸ್ಟರಿಲ್ಲ, ಹಾಗಿದ್ರೆ ಎಕ್ಸ್‌ರೇ ಚಿತ್ರಾನ ಬ್ರೈಟ್ ಮಾಡೋದು ಹೇಗೆ? ಮತ್ತೆ, ಇಂಥದೊಂದನ್ನ ಡಿಸೈನ್ ಮಾಡೋಕೆ ಕೂತ್ರೆ ಎಲ್ಲಿಂದ ಶುರು ಮಾಡ್ಬೇಕು?

ನಿರ್ವಾತ_ಮೇಷ್ಟ್ರು:
ಮೊದಲು ಸ್ಕ್ರೂ ಡ್ರೈವರ್ ಕೆಳಗಿಡಿ. ಆಮೇಲೆ ಮಾತು.

ಅದರೊಳಗೆ ಗಾಳಿ ಇಲ್ಲ. 9 ಇಂಚು ಅಂದ್ರೆ 23 ಸೆಂ.ಮೀ. ಮುಖ, ಅದರ ಮೇಲೆ ಹೊರಗಿನ ಗಾಳಿ ಹಗಲೂ ರಾತ್ರಿ ಸುಮಾರು 430 ಕೆಜಿ ಭಾರ ಹಾಕಿ ಒತ್ತತಾ ಇರುತ್ತೆ. ಮುಖ ಹೊರಗೆ ಉಬ್ಬಿರೋದಕ್ಕೆ ಅದೂ ಒಂದು ಕಾರಣ, ಮಡಕೆ ತಳ ಸಪಾಟಾಗಿದ್ರೆ ಬೇಗ ಒಡೆಯುತ್ತಲ್ಲ ಹಾಗೆ. ಹಿಂದಿನ ಗಾಜಿಗೆ ಪೆಟ್ಟು ಬಿದ್ರೆ ಒಳಕ್ಕೆ ಕುಸಿದು ಚೂರು ಹೊರಗೆ ಹಾರುತ್ತೆ, ಅದಕ್ಕೆ ದಪ್ಪ ಬಟ್ಟೆ ಸುತ್ತಿಡಿ, ಮಕ್ಕಳ ಕೈಗೆ ಬೇಡ. ರೇಡಿಯೇಷನ್ ಭಯ ಬೇಡ, ಇದು ಎಕ್ಸ್‌ರೇ ಹುಟ್ಟಿಸೋ ಟ್ಯೂಬಲ್ಲ, ಎಕ್ಸ್‌ರೇ ಹಿಡಿಯೋ ಟ್ಯೂಬು, ಕರೆಂಟ್ ಕೊಡದೇ ಇದ್ರೆ ಸತ್ತ ಡಬ್ಬ. ಭಾರ ಯಾಕಪ್ಪಾ ಅಂದ್ರೆ ಹೊರಗಿನ ಕವಚದಲ್ಲಿ ಸೀಸದ ಲೈನಿಂಗ್ ಇರುತ್ತೆ, ಅದನ್ನ ಬರಿಗೈಲಿ ಕೆರೆಯೋದೂ ಬೇಡ.

ಫೋಟಾನ್_ಪುಟ್ಟಿ:
ಮೆಡಿಕಲ್ ಫಿಸಿಕ್ಸ್ ಓದ್ತಿದೀನಿ, ಹೋದ ಸೆಮಿಸ್ಟರಲ್ಲೇ ಇದನ್ನ ಬಾಯಿಪಾಠ ಮಾಡಿದ್ದು, ಟ್ರೈ ಮಾಡ್ತೀನಿ.

ರೋಗಿ ಮೈ ದಾಟಿ ಬಂದ ಎಕ್ಸ್‌ರೇ ಫೋಟಾನು ಅಲ್ಯುಮಿನಿಯಂ ಮುಖ ದಾಟಿ ಒಳಗಡೆ ಸೀಸಿಯಂ ಅಯೋಡೈಡ್ ಪದರಕ್ಕೆ ಬಡಿಯುತ್ತೆ, ಅಲ್ಲಿ ಒಂದೊಂದು ಎಕ್ಸ್‌ರೇ ಫೋಟಾನಿಗೂ ಸುಮಾರು 3,000 ನೀಲಿ ಬೆಳಕಿನ ಫೋಟಾನು ಹುಟ್ಟುತ್ತೆ (ಆ ಎಕ್ಸ್‌ರೇ ಶಕ್ತಿ 60 ಕೆಇವಿ, ಅಂದ್ರೆ 60 ಸಾವಿರ ಎಲೆಕ್ಟ್ರಾನ್ ವೋಲ್ಟ್ ಅನ್ನೋ ಲೆಕ್ಕದಲ್ಲಿ). ಆ ಪದರಕ್ಕೆ ಅಂಟ್ಕೊಂಡೇ ಆಂಟಿಮನಿ-ಸೀಸಿಯಂ ಫೋಟೋಕ್ಯಾಥೋಡ್ ಇದೆ, ಬೆಳಕು ಬಿದ್ದಲ್ಲಿ ಅದು ಎಲೆಕ್ಟ್ರಾನ್ ಉಗುಳುತ್ತೆ, ಆ 3,000 ಬೆಳಕಿಗೆ ಒಂದು 400 ಎಲೆಕ್ಟ್ರಾನ್ ಅಂದ್ಕೊಳ್ಳಿ. ಇವನ್ನ 25ರಿಂದ 30 ಸಾವಿರ ವೋಲ್ಟ್‌ನಲ್ಲಿ ಎಳೆದು, ನಡುವೆ ಇರೋ ಲೋಹದ ಬಳೆಗಳಿಂದ ಫೋಕಸ್ ಮಾಡಿ, ಆ ರೂಪಾಯಿ ನಾಣ್ಯದ ಮೇಲೆ ಬೀಳಿಸ್ತಾರೆ. ಅಲ್ಲಿ ಇನ್ನೊಂದು ಫಾಸ್ಫರ್, ಅಂದ್ರೆ ಎಲೆಕ್ಟ್ರಾನ್ ಬಡಿದ್ರೆ ಹೊಳೆಯೋ ಪದರ ಇದೆ, ಒಂದು ಎಲೆಕ್ಟ್ರಾನಿಗೆ ಸಾವಿರದಷ್ಟು ಹಸಿರು ಬೆಳಕಿನ ಫೋಟಾನು. ಅಂದ್ರೆ ಒಂದು ಎಕ್ಸ್‌ರೇ ಒಳಗೆ ಹೋಗಿ ನಾಲ್ಕು ಲಕ್ಷ ಬೆಳಕಿನ ಫೋಟಾನಾಗಿ ಹೊರಗೆ ಬಂತು.

ಇದರ ಮೇಲೆ ಇನ್ನೊಂದು ಲಾಭ, 9 ಇಂಚಿನ ಚಿತ್ರಾನ 1 ಇಂಚಿಗೆ ಕುಗ್ಗಿಸಿದ್ರಿಂದ 81 ಪಟ್ಟು ದಟ್ಟ ಆಯ್ತು. ವೋಲ್ಟೇಜಿಂದ ಬರೋ 50 ಪಟ್ಟು ಗುಣಿಸು 81, ನಾಲ್ಕು ಸಾವಿರ ಪಟ್ಟು ಬ್ರೈಟ್‌ನೆಸ್. ಪರೀಕ್ಷೇಲಿ ಇಷ್ಟು ಬರೆದ್ರೆ ಫುಲ್ ಮಾರ್ಕ್ಸು 😀

ಸಿಲಿಕಾನ್_ಸೀನ:
ಅಂದ್ರೆ ವೋಲ್ಟೇಜ್ 60 ಸಾವಿರಕ್ಕೆ ಏರಿಸಿ ಕಿಂಡೀನ ಅರ್ಧ ಇಂಚು ಮಾಡಿದ್ರೆ ಬ್ರೈಟ್‌ನೆಸ್ ಎಲ್ಲಿಗೋ ಹೋಗುತ್ತಲ್ಲ. ಡಿಸೈನ್ ಅಂದ್ರೆ ಇಷ್ಟೇನಾ. ಅದೂ ಅಲ್ದೆ ಈಗೆಲ್ಲ ಈ ಟ್ಯೂಬಿನ ಬದಲು ಚಪ್ಪಟೆ ಡಿಜಿಟಲ್ ಫ್ಲಾಟ್ ಪ್ಯಾನಲ್ ಬಂದಿದೆ, ಈ ಕಾಲದಲ್ಲಿ ವಾಲ್ವ್ ರೇಡಿಯೋ ರಿಪೇರಿ ಮಾಡ್ದಂಗಿದೆ ನಿಮ್ ಚರ್ಚೆ.

ಕತ್ತಲೆಕೋಣೆ:
ಸೀನ ಅವ್ರೇ, ನಿಮ್ಮ ಮೊದಲ ಪ್ರಶ್ನೆ ಒಳ್ಳೇದು, ಎರಡನೇದಕ್ಕೆ ಆಮೇಲೆ ಬರ್ತೀನಿ. ನಾನು ರೇಡಿಯಾಲಜಿಸ್ಟು, ರಿಟೈರ್ ಆಗಿ ಕೂತಿದೀನಿ. ಈ ಟ್ಯೂಬು ಇಲ್ಲದ ಕಾಲ ನಾನು ನೋಡಿಲ್ಲ, ಆದ್ರೆ ಕಾಲೇಜಲ್ಲಿ ನನಗೆ ಪಾಠ ಹೇಳಿದೋರು ನೋಡಿದ್ರು. ಬೆಳಗ್ಗೆ ಆಸ್ಪತ್ರೆಗೆ ಬರ್ತಾನೇ ಕೆಂಪು ಗಾಜಿನ ಕನ್ನಡಕ ಹಾಕ್ಕೊಂಡು ಬರೋರಂತೆ, ವಾರ್ಡಲ್ಲಿ ಮಕ್ಕಳು ಹೆದರಿ ಅಳೋವಂತೆ. ಕನ್ನಡಕ ಹಾಕಿ ಇಪ್ಪತ್ತು ಮೂವತ್ತು ನಿಮಿಷ ಕಣ್ಣು ಪಳಗಿಸ್ಕೊಂಡು, ಕಗ್ಗತ್ತಲ ರೂಮಲ್ಲಿ ಹೊಳೆಯೋ ಪರದೆ ಮುಂದೆ ನಿಂತು, ರೋಗಿಗೆ ಕುಡಿಸಿದ ಬೇರಿಯಂ (ಎಕ್ಸ್‌ರೇಲಿ ಕಾಣೋ ದ್ರವ) ಇಳಿಯೋದು ನೋಡ್ತಿದ್ರು. ಯಾರಾದ್ರೂ ಬಾಗಿಲು ತೆಗೆದ್ರೆ ಮುಗೀತು, ಮತ್ತೆ ಅರ್ಧ ಗಂಟೆ.

ಕಾರಣ ಏನು ಅಂದ್ರೆ ಆ ಪರದೆಯ ಬೆಳಕು ಎಷ್ಟು ಕಡಿಮೆ ಅಂದ್ರೆ ಕಣ್ಣಿನ ಕೋನ್ ಕೋಶಗಳು ಕೆಲಸಾನೇ ಮಾಡಲ್ಲ, ರಾತ್ರಿ ನೋಟದ ರಾಡ್ ಕೋಶಗಳಲ್ಲೇ ನೋಡ್ಬೇಕು. ರಾಡ್‌ಗೆ ಕೆಂಪು ಬೆಳಕು ತಾಗಲ್ಲ, ಅದಕ್ಕೇ ಕೆಂಪು ಕನ್ನಡಕ, ಜರ್ಮನಿಯ ಟ್ರೆಂಡೆಲೆನ್‌ಬರ್ಗ್ 1916ರಲ್ಲಿ ಕೊಟ್ಟ ಉಪಾಯ. ಆದ್ರೆ ರಾಡ್‌ನಲ್ಲಿ ಸಣ್ಣ ವಿವರ ಕಾಣಲ್ಲ, ಬೆಳದಿಂಗಳಲ್ಲಿ ಪೇಪರ್ ಹೆಡ್‌ಲೈನ್ ಕಾಣುತ್ತೆ ಸುದ್ದಿ ಓದೋಕಾಗಲ್ಲ, ಹಂಗೆ. 1941ರಲ್ಲಿ ಅಮೆರಿಕದ ಚೇಂಬರ್ಲೇನ್ ಅನ್ನೋ ರೇಡಿಯಾಲಜಿಸ್ಟು, ಫಿಲಡೆಲ್ಫಿಯಾದ ಟೆಂಪಲ್ ಯೂನಿವರ್ಸಿಟಿಯವರು, ಒಂದು ಭಾಷಣದಲ್ಲಿ ಇದನ್ನೇ ಬಿಚ್ಚಿಟ್ರು: ನಾವು ಅರ್ಧ ಕುರುಡರ ತರ ಪರೀಕ್ಷೆ ಮಾಡ್ತಿದೀವಿ, ಪರದೆ ಬೆಳಕನ್ನ ಎಲೆಕ್ಟ್ರಾನಿಕ್ ಆಗಿ ಹೆಚ್ಚಿಸದೆ ಬೇರೆ ದಾರಿ ಇಲ್ಲ ಅಂತ. ಎಕ್ಸ್‌ರೇ ಹೆಚ್ಚಿಸಬಹುದಲ್ಲ ಅಂದ್ರೆ ರೋಗಿ ಸುಟ್ಟುಹೋಗ್ತಾನೆ.

ಆ ಮಾತು ಹಿಡ್ಕೊಂಡು ಹೊರಟೋರಲ್ಲಿ ಪಿಟ್ಸ್‌ಬರ್ಗ್‌ನ ವೆಸ್ಟಿಂಗ್‌ಹೌಸ್ ಲ್ಯಾಬಿನ ಜಾನ್ ಕೋಲ್ಟ್‌ಮನ್ ಒಬ್ರು, 1948ರಲ್ಲಿ ಪೇಪರ್ ಬರೆದ್ರು. ಆ ಕಡೆ ಹಾಲೆಂಡಿನ ಐಂಡ್‌ಹೋವನ್‌ನಲ್ಲಿ ಫಿಲಿಪ್ಸ್‌ನ ತೇವೆಸ್ ಮತ್ತು ತೋಲ್, 1952. ಈ ತೇವೆಸ್ 1934ರಲ್ಲೇ ಹೋಲ್ಸ್ಟ್ ಜೊತೆ ಇನ್‌ಫ್ರಾರೆಡ್ ನೋಡೋ ಟ್ಯೂಬಿನ ಕೆಲಸ ಮಾಡಿದ್ದೋರು, ಅಂದ್ರೆ ನೈಟ್ ವಿಷನ್ನಿನ ಅಜ್ಜ, ಅದೇ ಕೈಚಳಕ ಆಸ್ಪತ್ರೆಗೆ ಬಂತು.

ಫೋಟಾನ್_ಪುಟ್ಟಿ:
ಸೀನ ಅವ್ರ ಮೊದಲ ಪ್ರಶ್ನೆಗೆ ನಾನು ಉತ್ತರ ಕೊಡ್ಲಾ ಡಾಕ್ಟ್ರೇ.

ಬ್ರೈಟ್‌ನೆಸ್ ಎಷ್ಟು ಬೇಕಾದ್ರೂ ಮಾಡ್ಬಹುದು, ಆದ್ರೆ ಒಂದು ಹಂತ ದಾಟಿದ್ಮೇಲೆ ಚಿತ್ರ ಚೆನ್ನಾಗಾಗಲ್ಲ, ಕಾಳು ಕಾಳಾಗಿ ಕಾಣೋದು ಇನ್ನೂ ಚೆನ್ನಾಗಿ ಕಾಣುತ್ತೆ ಅಷ್ಟೆ. ಲೆಕ್ಕ ನೋಡಿ. ಫ್ಲೋರೋಸ್ಕೋಪೀಲಿ (ಎಕ್ಸ್‌ರೇನ ವಿಡಿಯೋ ತರ ನೋಡೋದು) ಒಂದು ಫ್ರೇಮಿಗೆ ಟ್ಯೂಬ್ ಮುಖಕ್ಕೆ ಬೀಳೋ ಡೋಸು 10 ನ್ಯಾನೋಗ್ರೇ ಅಂತ ಇಟ್ಕೊಳ್ಳಿ, ಗ್ರೇ ಅನ್ನೋದು ಡೋಸಿನ ಅಳತೆ. ಒಂದು ಮೈಕ್ರೋಗ್ರೇಗೆ ಚದರ ಮಿಲಿಮೀಟರಿಗೆ ಸುಮಾರು 30,000 ಫೋಟಾನು, ಹಂಗಾದ್ರೆ 10 ನ್ಯಾನೋಗೆ 300. ಚಿತ್ರದ ಒಂದು ಚುಕ್ಕಿ 0.2 ಮಿ.ಮೀ. ಚೌಕ ಅಂದ್ರೆ ಅದಕ್ಕೆ ಬರೋದು 12 ಎಕ್ಸ್‌ರೇ ಫೋಟಾನು! ಬರೀ 12. ಅದೂ ಮಳೆ ಹನಿ ತರ ಅಡ್ಡಾದಿಡ್ಡಿ ಬೀಳುತ್ತೆ, ಪಕ್ಕದ ಚುಕ್ಕಿಗೆ 9, ಅದರ ಪಕ್ಕದ್ದಕ್ಕೆ 15. ಅಂದ್ರೆ ಏನೂ ಇಲ್ಲದ ಜಾಗದಲ್ಲೂ ಹೆಚ್ಚುಕಮ್ಮಿ 30 ಪರ್ಸೆಂಟ್ ಏರುಪೇರು. ಇದನ್ನ ಕ್ವಾಂಟಮ್ ಮಾಟಲ್ ಅಂತಾರೆ. ಹನ್ನೆರಡು ಚುಕ್ಕಿ ಇಟ್ಟು ನೂರು ಚುಕ್ಕಿ ರಂಗೋಲಿ ಬಿಡಿಸೋಕಾಗುತ್ತಾ? ದೊಡ್ಡ ಬಲ್ಬ್ ಹಾಕಿ ನೋಡಿದ್ರೂ ಅಷ್ಟೇ ಚುಕ್ಕಿ.

ಜಾನ್ಸ್ ಹಾಪ್‌ಕಿನ್ಸ್‌ನ ಸ್ಟರ್ಮ್ ಮತ್ತೆ ಮಾರ್ಗನ್ 1949ರಲ್ಲೇ ಇದನ್ನ ಹೇಳಿದ್ರು, ಟ್ಯೂಬುಗಳು ಮಾರ್ಕೆಟ್ಟಿಗೆ ಬರೋಕೆ ಮುಂಚೆನೇ.

ನಿರ್ವಾತ_ಮೇಷ್ಟ್ರು:
ಹುಡುಗಿ ಸರಿಯಾಗಿ ಹೇಳಿದ್ಲು. ಅದಕ್ಕೇ ನನ್ನ ಅಭಿಪ್ರಾಯ, ಗಿರಾಕಿಯವರ ಮೂರನೇ ಪ್ರಶ್ನೆಗೆ ಇದೇ ಉತ್ತರ: ಈ ಟ್ಯೂಬಿನ ಡಿಸೈನ್ ಪೂರ್ತಿ ಮೊದಲ ಅರ್ಧ ಮಿಲಿಮೀಟರಲ್ಲಿ ಮುಗಿದೋಗುತ್ತೆ. ಮುಂದಿನ ಪದರದಲ್ಲಿ ಹಿಡೀದೇ ಬಿಟ್ಟ ಎಕ್ಸ್‌ರೇನ ಹಿಂದೆ ಎಂಥ ವೋಲ್ಟೇಜ್ ಹಾಕಿದ್ರೂ ವಾಪಸ್ ತರೋಕಾಗಲ್ಲ. ಜನ ಎಲ್ಲ ಎಲೆಕ್ಟ್ರಾನ್ ಆಪ್ಟಿಕ್ಸು, ಗೇನು ಅಂತ ಹಿಂದ್ಗಡೆ ನೋಡ್ತಾರೆ.

ಶುರೂಲಿ ಮುಂದಿನ ಪದರ ಜಿಂಕ್ ಕ್ಯಾಡ್ಮಿಯಂ ಸಲ್ಫೈಡ್ ಪುಡಿ. ಪುಡಿ ಅಂದ್ರೆ ಒಂದು ಕಷ್ಟ ಇದೆ, ಪದರ ದಪ್ಪ ಮಾಡಿದ್ರೆ ಎಕ್ಸ್‌ರೇ ಜಾಸ್ತಿ ಹಿಡಿಯುತ್ತೆ ಆದ್ರೆ ಬೆಳಕು ಕಾಳಿಂದ ಕಾಳಿಗೆ ಚದುರಿ ಚಿತ್ರ ಮಸುಕಾಗುತ್ತೆ, ತೆಳು ಮಾಡಿದ್ರೆ ಚಿತ್ರ ಚೂಪು ಆದ್ರೆ ಅರ್ಧಕ್ಕಿಂತ ಜಾಸ್ತಿ ಎಕ್ಸ್‌ರೇ ಸುಮ್ನೆ ದಾಟಿ ಹೋಗುತ್ತೆ, ರೋಗಿ ಮೈಗೆ ಬಿದ್ದ ಡೋಸು ದಂಡ. ಅತ್ತ ದರಿ ಇತ್ತ ಪುಲಿ. 1970ರ ದಶಕದಲ್ಲಿ ಸೀಸಿಯಂ ಅಯೋಡೈಡ್ ಬಂದು ಈ ಗಂಟು ಬಿಡಿಸ್ತು. ಇದನ್ನ ಬಿಸಿ ಮಾಡಿದ ಅಲ್ಯುಮಿನಿಯಂ ಬಟ್ಟಲಿನ ಮೇಲೆ ಆವಿ ಮಾಡಿ ಕೂರಿಸ್ತಾರೆ, ಆಗ ಅದು ಪುಡಿಯಾಗಿ ಕೂರಲ್ಲ, ಸೂಜಿ ಸೂಜಿಯಾಗಿ ನೆಟ್ಟಗೆ ಬೆಳೆಯುತ್ತೆ, ಒಂದೊಂದು ಸೂಜಿ ಸುಮಾರು 5 ಮೈಕ್ರಾನ್ ದಪ್ಪ, 300-400 ಮೈಕ್ರಾನ್ ಉದ್ದ, ಕಡ್ಡಿ ಪೊರಕೇನ ತಲೆಕೆಳಗು ನಿಲ್ಲಿಸ್ದಂಗೆ. ಸೂಜಿಯೊಳಗೆ ಹುಟ್ಟಿದ ಬೆಳಕು ಸೂಜಿ ಗೋಡೆಗೇ ಬಡ್ಕೊಂಡು ನೇರ ಫೋಟೋಕ್ಯಾಥೋಡಿಗೆ ಹೋಗುತ್ತೆ, ಪಕ್ಕದ ಮನೆಗೆ ಹೋಗಲ್ಲ. ದಪ್ಪಾನೂ ಆಯ್ತು ಚೂಪೂ ಆಯ್ತು.

ಇನ್ನೊಂದು ಅದೃಷ್ಟ ಏನಂದ್ರೆ ಅಯೋಡಿನ್‌ನ ಕೆ-ಅಂಚು (ಇದನ್ನ ದಾಟಿದ ತಕ್ಷಣ ಎಕ್ಸ್‌ರೇ ಹೀರೋದು ಜೋರಾಗೋ ಶಕ್ತಿ) 33 ಕೆಇವಿ, ಸೀಸಿಯಂದು 36, ರೋಗಿ ಮೈ ದಾಟಿ ಬರೋ ಎಕ್ಸ್‌ರೇ ಹೆಚ್ಚಾಗಿ ಅದಕ್ಕಿಂತ ಸ್ವಲ್ಪ ಮೇಲೇ ಇರುತ್ತೆ, ಬಾಯಿಗೆ ಬಂದ ತುತ್ತು. ಆಮೇಲೆ ಅದರ ನೀಲಿ ಬೆಳಕು ಆಂಟಿಮನಿ-ಸೀಸಿಯಂಗೆ ಹೊಂದುತ್ತೆ.

ಗುಜರಿ_ಗಿರಾಕಿ:
ಮೇಷ್ಟ್ರೇ, ಮನೇಲಿ ಮಾಡೋಕಾಗುತ್ತಾ ಅಂತ ಕೇಳೋಣ ಅಂತಿದ್ದೆ, ಧೈರ್ಯ ಬರ್ತಿಲ್ಲ ಈಗ. ನೀವು ಇಂಥವನ್ನ ಮಾಡಿದೀರಾ?

ನಿರ್ವಾತ_ಮೇಷ್ಟ್ರು:
ಇದನ್ನಲ್ಲ. ನಾನಿದ್ದಿದ್ದು ಟಿವಿ ಪಿಕ್ಚರ್ ಟ್ಯೂಬ್ ಮಾಡೋ ಕಾರ್ಖಾನೇಲಿ, ಜೊತೆಗೆ ಸ್ವಲ್ಪ ದಿನ ಫೋಟೋ ಟ್ಯೂಬ್ ಲ್ಯಾಬಲ್ಲಿ. ಫೋಟೋಕ್ಯಾಥೋಡ್ ಮಾಡೋದು ಮಾತ್ರ ಅಲ್ಲಿ ಕಲ್ತಿದ್ದು, ಅದು ಇಂಜಿನಿಯರಿಂಗೂ ಹೌದು ಸಾರು ಕುದಿಸೋ ಕೆಲಸಾನೂ ಹೌದು.

ಟ್ಯೂಬನ್ನ ಓವನ್ನಲ್ಲಿಟ್ಟು ಗಂಟೆಗಟ್ಲೆ ಬೇಯಿಸಿ ಗಾಳಿ ಎಳೀತಾರೆ, ಗಾಜಿಗೆ ಅಂಟಿರೋ ನೀರಿನ ತೇವಾನೂ ಹೋಗ್ಬೇಕು. ಆಮೇಲೆ ಒಳಗಿರೋ ಆಂಟಿಮನಿ ಮಣೀನ ಕಾಯಿಸಿ ಆವಿ ಮಾಡಿ ತೆಳ್ಳಗೆ ಕೂರಿಸೋದು, ಎದುರಿಗೆ ಬಲ್ಬ್ ಹಚ್ಚಿ ನೋಡ್ತಾ ಇದ್ರೆ ಬೆಳಕು ಸ್ವಲ್ಪ ಸ್ವಲ್ಪ ಮಂಕಾಗ್ತಾ ಬರುತ್ತೆ, ಇಷ್ಟು ಮಂಕಾದಾಗ ನಿಲ್ಲಿಸ್ಬೇಕು ಅನ್ನೋದೇ ಅಳತೆ. ಮುಂದೆ ಸೀಸಿಯಂ ಬಿಡೋದು. ಮೀಟರಲ್ಲಿ ಫೋಟೋ ಕರೆಂಟ್ ಮೊದಲು ಸೊನ್ನೆ, ಸೊನ್ನೆ, ಸೊನ್ನೆ, ಆಮೇಲೆ ಮುಳ್ಳು ಅಲ್ಲಾಡುತ್ತೆ, ಮೇಲೇರ್ತಾ ಹೋಗುತ್ತೆ, ತುದಿ ಮುಟ್ಟಿ ಇಳಿಯೋಕೆ ಶುರು ಆಗೋ ಹೊತ್ತಿಗೆ ಸೀಸಿಯಂ ನಿಲ್ಲಿಸಿ ಶಾಖ ಇಳಿಸ್ಬೇಕು. ನಮ್ಮಲ್ಲೊಬ್ಬ ಟೆಕ್ನಿಷಿಯನ್ ಇದ್ದ, ಮುಳ್ಳು ಅಲ್ಲಾಡೋವರ್ಗೂ ಯಾರನ್ನೂ ಮಾತಾಡೋಕೆ ಬಿಡ್ತಿರ್ಲಿಲ್ಲ. ನಾನೊಂದ್ಸಲ ಟೀ ಕುಡಿಯೋಕೆ ಹೋಗಿ ಎರಡು ನಿಮಿಷ ತಡವಾಗಿ ಬಂದೆ, ಕರೆಂಟ್ ಅರ್ಧಕ್ಕೆ ಇಳಿದಿತ್ತು, ಮೂರು ದಿನದ ಕೆಲಸ ಕಸದ ಬುಟ್ಟಿಗೆ.

ಎಕ್ಸ್‌ರೇ ಇಂಟೆನ್ಸಿಫೈಯರಲ್ಲಿ ಇದಕ್ಕಿಂತ ಫಜೀತಿ ಜಾಸ್ತಿ, ಯಾಕಂದ್ರೆ ಕೆಳಗಿರೋ ಸೀಸಿಯಂ ಅಯೋಡೈಡಿಗೆ ತೇವ ಆಗಲ್ಲ, ಅದರ ಮೇಲೇ ಈ ಅಡುಗೆ ಆಗ್ಬೇಕು, ಎರಡೂ ಒಂದಕ್ಕೊಂದು ರಿಯಾಕ್ಟ್ ಆಗ್ದಂಗೆ ನಡುವೆ ಪಾರದರ್ಶಕ ತಡೆ ಪದರ ಹಾಕ್ಬೇಕು, ಆ ಪದರ ದಪ್ಪ ಆದ್ರೆ ಬೆಳಕು ಹರಡುತ್ತೆ. ಮನೇಲಿ ಅಂದ್ರಾ... ಬೇಡ ಬಿಡಿ.

ಹಿಂದಿನ ಫಾಸ್ಫರಿಗೂ ಒಂದು ಮಾತು. ಅದರ ಒಳಮೈಗೆ ಮೈಕ್ರಾನ್‌ಗಿಂತ ತೆಳ್ಳಗಿನ ಅಲ್ಯುಮಿನಿಯಂ ಪೊರೆ ಇರುತ್ತೆ, ಪಿಕ್ಚರ್ ಟ್ಯೂಬಲ್ಲೂ ಇದ್ದಿದ್ದೇ. ಎಲೆಕ್ಟ್ರಾನ್ ತೂರ್ಕೊಂಡು ಹೋಗುತ್ತೆ, ಬೆಳಕು ಹಿಂದಕ್ಕೆ ಬರಲ್ಲ. ಆ ಪೊರೆ ಇಲ್ದಿದ್ರೆ ಹಸಿರು ಬೆಳಕು ವಾಪಸ್ ಫೋಟೋಕ್ಯಾಥೋಡಿಗೆ ಹೋಗಿ ಮತ್ತೆ ಎಲೆಕ್ಟ್ರಾನ್ ಎಬ್ಬಿಸಿ, ಮೈಕ್ ಮುಂದೆ ಸ್ಪೀಕರ್ ಇಟ್ರೆ ಕುಂಯ್ ಅನ್ನುತ್ತಲ್ಲ, ಚಿತ್ರ ಪೂರ್ತಿ ಬಿಳಿಚ್ಕೊಳ್ಳುತ್ತೆ.

ಓಟಿ_ಬಸ್ಯಾ:
ನಮಸ್ಕಾರ್ರೀ ಎಲ್ಲಾರ್ಗೂ. ನಾ ಹುಬ್ಬಳ್ಳಿ ಕಡಿಯಾಂವ, ಎಲುಬಿನ ಆಪರೇಷನ್ ಥಿಯೇಟರ್ (ಓಟಿ) ಒಳಗ ಸಿ-ಆರ್ಮ್, ಅಂದ್ರ ಇಂಥಾ ಟ್ಯೂಬ್ ಇರೋ ತಿರುಗೋ ಎಕ್ಸ್‌ರೇ ಮಷಿನ್, ತಿರುವಿ ತಿರುವಿ ಇಪ್ಪತ್ತ ವರ್ಷ ಆತು. ಥಿಯರಿ ನಮಗ ಗೊತ್ತಿಲ್ರಿ, ಆದ್ರ ಒಂದ್ ಮಾತ ಹೇಳ್ತೀನಿ.

ಹೊಸ್ದಾಗಿ ಸೇರಿದಾಗ ತೊಡಿ ಎಲುಬಿನ ಒಳಗ ನೇಲ್ (ಲೋಹದ ಸಲಾಕಿ) ಹಾಕೋ ಕೇಸು. ಎಪಿ (ಮುಂದಿಂದ) ತಗದ್ರ ಎಲುಬು ನೆಟ್ಟಗ, ಸಿ-ಆರ್ಮ್ ತಿರುಗಿಸಿ ಲ್ಯಾಟರಲ್ (ಬಗಲಿಂದ) ತಗದ್ರ ನೇಲ್ ಎಸ್ ಅಕ್ಷರದಂಗ ಸೊಟ್ಟ. ಸರ್ಜನ್ರು ನನ್ನ ಮ್ಯಾಲ ಹರಿಹಾಯ್ದ್ರು, ನೇಲ್ ಬಾಗೇತಿ ಅಂತ ಹೊರಗ ತಗಿಯೂದಕ್ಕ ತಯಾರಾಗಿದ್ರು. ಆಮ್ಯಾಲ ಸರ್ವೀಸ್ ಇಂಜಿನಿಯರ್ ಬಂದು ಟ್ಯೂಬಿನ ಮಾರಿ ಮ್ಯಾಲ ತಂತಿ ಜಾಳಗಿ ಅಂಟಿಸಿ ತೋರ್ಸಿದ್ರು, ಚೌಕ ಚೌಕ ಜಾಳಗಿ ನಡಕ ಸರಿ ಐತಿ, ಅಂಚಿಗೆ ಹಾಸಿಗಿ ಕಿವಿ ಎಳದಂಗ ಹಿಗ್ಗೇತಿ, ಮತ್ತ ಮಷಿನ್ ತಿರುಗಿಸಿದ್ರ ಇಡೀ ಜಾಳಗಿ ತಿರುವಿಕೊಂಡಂಗ ಕಾಣ್ತೈತಿ. ಭೂಮಿ ಅಯಸ್ಕಾಂತ ಎಲೆಕ್ಟ್ರಾನ್ ಎಳಿತೈತಿ ಅಂದ್ರು. ಅದಕ್ಕ ಟ್ಯೂಬಿನ ಸುತ್ತ ಅಯಸ್ಕಾಂತ ತಡಿಯೋ ಮ್ಯೂ-ಮೆಟಲ್ ಅನ್ನೋ ತಗಡು ಇರತೈತಿ, ನಮ್ಮ ಮಷಿನ್ದು ಯಾರೋ ಹಿಂದ ಬೀಳಿಸಿ ನೆಗ್ಗಿಸಿದ್ರು, ಅದರ ಮ್ಯಾಲ ಆ ಕಡೆ ಗ್ವಾಡಿ ಆಚಿಗೆ ಎಂಆರ್‌ಐ ಬೇರೆ.

ಅವತ್ತಿಂದ ಎಲುಬು ಯಾವಾಗ್ಲೂ ನಟ್ಟ ನಡಕ ಇಟ್ಟಾ ನೋಡೂದು.

ಫೋಟಾನ್_ಪುಟ್ಟಿ:
ಬಸ್ಯಾ ಅಣ್ಣ, ಸೂಪರ್! ಅಂಚು ಹಿಗ್ಗೋದು ಪಿನ್‌ಕುಶನ್, ಅದಕ್ಕೆ ಅಯಸ್ಕಾಂತ ಕಾರಣ ಅಲ್ಲ, ಮುಂದಿನ ಪದರ ಬಟ್ಟಲಿನ ತರ ಬಾಗಿದೆ, ಹಿಂದಿನ ಪರದೆ ಸಪಾಟು, ಗ್ಲೋಬನ್ನ ಗೋಡೆ ಮ್ಯಾಪ್ ಮಾಡಿದ್ರೆ ಧ್ರುವದ ಹತ್ರ ಹಿಗ್ಗುತ್ತಲ್ಲ ಹಂಗೆ. ಮುಂದಿನದನ್ನೂ ಸಪಾಟು ಮಾಡೋಕಾಗಲ್ಲ ಯಾಕಂದ್ರೆ ಅಂಚಿನ ಎಲೆಕ್ಟ್ರಾನು ಜಾಸ್ತಿ ದೂರ ಓಡ್ಬೇಕಾಗಿ ಫೋಕಸ್ ತಪ್ಪುತ್ತೆ. ಎಸ್ ಆಕಾರ ಮಾತ್ರ ಮ್ಯಾಗ್ನೆಟಿಕ್. ಒಳಗೆ ಫೋಟೋಕ್ಯಾಥೋಡಿಂದ ಹೊರಟ ಎಲೆಕ್ಟ್ರಾನಿಗೆ ಶುರೂಲಿ ವೇಗ ತುಂಬ ಕಮ್ಮಿ, ಆಗ್ಲೇ ದಾರಿ ತಪ್ಪೋದು, ಮತ್ತೆ ಮುಂಭಾಗಕ್ಕೆ ತಗಡು ಮುಚ್ಚೋಕೂ ಆಗಲ್ಲ, ಎಕ್ಸ್‌ರೇ ಒಳಗೆ ಬರೋದೇ ಅಲ್ಲಿಂದ.

ಒಂದು ಕೇಳ್ತೀನಿ, ಮ್ಯಾಗ್ ಮೋಡ್ (ಚಿತ್ರ ದೊಡ್ಡದು ಮಾಡಿ ತೋರ್ಸೋದು) ಎಷ್ಟು ಹೊತ್ತು ಹಾಕ್ತೀರಾ ಓಟೀಲಿ? 9 ಇಂಚಿಂದ 6 ಇಂಚಿಗೆ ಹೋದ್ರೆ ಒಳಗಿನ ಬಳೆಗಳ ವೋಲ್ಟೇಜ್ ಬದಲಾಗಿ ನಡುಭಾಗ ಮಾತ್ರ ಹಿಂದಿನ ಪರದೆ ತುಂಬುತ್ತೆ, ಕುಗ್ಗಿಸಿದ ಲಾಭ 81ರಿಂದ 36ಕ್ಕೆ ಇಳಿಯುತ್ತೆ, ಅದನ್ನ ತುಂಬೋಕೆ ಮಷಿನ್ನು ತಾನಾಗೇ ಎಕ್ಸ್‌ರೇ ಎರಡು ಪಟ್ಟಿಗೂ ಜಾಸ್ತಿ ಏರಿಸುತ್ತೆ.

ಓಟಿ_ಬಸ್ಯಾ:
ಡಾಕ್ಟ್ರು "ದೊಡ್ಡದ ಮಾಡೋ" ಅಂದ್ರ ಮಾಡೂದ್ರಿ. ಇನ್ಮ್ಯಾಲ ಹೇಳ್ತೀನಿ ಅವರಿಗೆ.

ಕತ್ತಲೆಕೋಣೆ:
ಹೇಳಿ ಬಸ್ಯಾ, ನನ್ನ ಹೆಸರು ಹೇಳ್ಬೇಡಿ.

ಮೊದಲಿನ ಟ್ಯೂಬು ಬರೀ 5 ಇಂಚು ಇತ್ತು, ಟಿವಿ ಕ್ಯಾಮೆರಾ ಇಲ್ಲ, ಲೆನ್ಸು ಕನ್ನಡಿ ಮೂಲಕ ಕಣ್ಣಿಟ್ಟು ನೋಡೋದು. ಆ ಬೆಳಕು ಸಣ್ಣ ಕಿಂಡೀಲಿ ಬರ್ತಿದ್ರಿಂದ ಕಣ್ಣು ಒಂದಿಂಚು ಆಚೀಚೆ ಆದ್ರೆ ಚಿತ್ರ ಮಾಯ, ಒಬ್ರಿಗೇ ದರ್ಶನ. ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಮೇಸನ್ ಸೋನ್ಸ್ ಅನ್ನೋರು ಟೇಬಲ್ ಕೆಳಗೆ ಗುಂಡಿ ತೋಡಿಸ್ಕೊಂಡು ಅದರೊಳಗೆ ಕೂತು ಪೆರಿಸ್ಕೋಪಲ್ಲಿ ನೋಡ್ತಿದ್ರು. 1958ರ ಅಕ್ಟೋಬರ್ 30. 26 ವರ್ಷದ ಹುಡುಗ, ಹೃದಯದ ಕವಾಟದ ತೊಂದರೆ. ಎಕ್ಸ್‌ರೇಲಿ ಕಾಣೋ ಡೈ ಮಹಾಧಮನಿಗೆ ಹೋಗ್ಬೇಕಿತ್ತು, ಕ್ಯಾಥೆಟರ್ (ಡೈ ಬಿಡೋ ಸಣ್ಣ ಕೊಳವೆ) ತುದಿ ಜಾರಿ ಬಲ ಕೊರೊನರಿಯ, ಅಂದ್ರೆ ಹೃದಯಕ್ಕೇ ರಕ್ತ ಕೊಡೋ ನಾಳದ, ಬಾಯಿಗೆ ಕೂತಿತ್ತು, ಸೋನ್ಸ್ ಗುಂಡಿಯಿಂದ ನೋಡ್ತಾ ಇದ್ದಂಗೇ ಆ ಸಣ್ಣ ನಾಳ ಪೂರ್ತಿ ತುಂಬ್ಕೊಂಡ್ತು. ಆ ಕಾಲದ ನಂಬಿಕೆ ಪ್ರಕಾರ ಹುಡುಗ ಸಾಯ್ಬೇಕು. ಇವರು ಗುಂಡಿಯಿಂದ ಹತ್ತಿ ಬಂದು ಎದೆ ಸೀಳೋಕೆ ಚಾಕು ಹುಡುಕ್ತಿದಾರೆ, ಮಾನಿಟರಲ್ಲಿ ಹೃದಯ ನಿಂತಿದೆ, ಹುಡುಗನಿಗೆ ಇನ್ನೂ ಪ್ರಜ್ಞೆ ಇದೆ ಅಂತ ಗೊತ್ತಾಗಿ "ಕೆಮ್ಮು ಕೆಮ್ಮು" ಅಂದ್ರು. ಕೆಮ್ಮಿದ. ಬಡಿತ ವಾಪಸ್ ಬಂತು. ಕೊರೊನರಿಗೆ ನೇರ ಡೈ ಹಾಕಬಹುದು ಅಂತ ಜಗತ್ತಿಗೆ ಗೊತ್ತಾಗಿದ್ದು ಹಾಗೆ. ಇವತ್ತು ಆಂಜಿಯೋಗ್ರಾಂ ಮಾಡಿಸ್ಕೊಂಡೋರೆಲ್ಲ ಆ ಗುಂಡಿಗೆ ಋಣಿ. ಮಬ್ಬು ಪರದೆ ಮೇಲೆ ರಾಡ್ ಕೋಶಗಳಲ್ಲಿ ನೋಡ್ತಿದ್ದಿದ್ರೆ ಆ ನಾಳ ಕಾಣ್ತಿತ್ತಾ? ನನಗೆ ಅನುಮಾನ.

ಕೋಲ್ಟ್‌ಮನ್ ಬಗ್ಗೆ ಒಂದು ವಿಷಯ ಬಿಟ್ಟೋಯ್ತು. ಮನುಷ್ಯ ಕೊಳಲು ಹುಚ್ಚ, ಸ್ವತಃ ನುಡಿಸ್ತಿದ್ದ, ಕೊಳಲುಗಳನ್ನ ಗುಡ್ಡೆ ಹಾಕ್ಕೊಂಡಿದ್ದ. 1971ರಲ್ಲಿ ಬೆಳ್ಳಿ, ತಾಮ್ರ, ಮರ ಮೂರರಲ್ಲೂ ಒಂದೇ ಅಳತೆ ಕೊಳಲು ಮಾಡಿ ಮರೆಯಿಂದ ನುಡಿಸಿ ಕೇಳಿಸಿದ್ರೆ ಯಾರಿಗೂ ಯಾವುದು ಯಾವುದು ಅಂತ ಹೇಳೋಕಾಗ್ಲಿಲ್ಲ. ಕೊಳಲು ಕಲಿಯೋ ನನ್ನ ಮೊಮ್ಮಗನಿಗೆ ಹೇಳಿದ್ರೆ ಅವನ ಗುರುಗಳಿಗೆ ಕೋಪ ಬಂತು.

ಸಿಲಿಕಾನ್_ಸೀನ:
ಸರಿ ಸರಿ, ವಾಲ್ವ್ ರೇಡಿಯೋ ಮಾತು ವಾಪಸ್ ತಗೋತೀನಿ. ಆದ್ರೂ ಫ್ಲಾಟ್ ಪ್ಯಾನಲ್ಲಲ್ಲಿ ಪಿನ್‌ಕುಶನ್ ಇಲ್ಲ, ಮ್ಯಾಗ್ನೆಟ್ ಕಾಟ ಇಲ್ಲ, ಅರ್ಧ ಅಡಿ ದಪ್ಪಾನೂ ಇಲ್ಲ. ಒಪ್ಕೊಳ್ಳಿ.

ನಿರ್ವಾತ_ಮೇಷ್ಟ್ರು:
ಒಪ್ಪಿದೆ. ಆದ್ರೆ ಫ್ಲಾಟ್ ಪ್ಯಾನಲ್ ಬಿಚ್ಚಿ ನೋಡಿ, ಮುಂದೆ ಏನಿದೆ? ಅದೇ ಸೀಸಿಯಂ ಅಯೋಡೈಡ್ ಸೂಜಿಗಳು, ಟ್ಯೂಬಲ್ಲಿ ಅದಕ್ಕೆ ಬೆರೆಸೋ ಚೂರು ಸೋಡಿಯಂ ಬದಲು ಥ್ಯಾಲಿಯಂ ಬೆರೆಸಿರ್ತಾರೆ ಯಾಕಂದ್ರೆ ಸಿಲಿಕಾನಿಗೆ ಹಸಿರು ಬೆಳಕು ರುಚಿ. ಟ್ಯೂಬು ಹೋಯ್ತು, ಮೊದಲ ಪದರ ಉಳೀತು. ಮತ್ತೆ ಫ್ಲೋರೋಸ್ಕೋಪಿಯ ಕಮ್ಮಿ ಡೋಸಲ್ಲಿ ಪ್ಯಾನಲ್ಲಿನ ಆಂಪ್ಲಿಫೈಯರ್ ತನ್ನದೇ ಗದ್ದಲ ಸೇರಿಸುತ್ತೆ, ಟ್ಯೂಬಲ್ಲಿ ಒಂದು ಎಕ್ಸ್‌ರೇ ಲಕ್ಷಗಟ್ಲೆ ಆದ್ಮೇಲೆ ಕ್ಯಾಮೆರಾಗೆ ಹೋಗೋದ್ರಿಂದ ಕ್ಯಾಮೆರಾ ಗದ್ದಲ ಲೆಕ್ಕಕ್ಕೇ ಬರಲ್ಲ. ಪ್ಯಾನಲ್ಲಿನೋರು ಇದನ್ನ ಸರಿ ಮಾಡೋಕೆ ತುಂಬ ತಿಣುಕಿದ್ರು.

ಗುಜರಿ_ಗಿರಾಕಿ:
ಅಪ್‌ಡೇಟು. ಬಿಚ್ಚಿಲ್ಲ ಮೇಷ್ಟ್ರೇ, ಆಣೆ. ರಾತ್ರಿ ಲೈಟ್ ಆರಿಸಿ, ನೋಟು ಚೆಕ್ ಮಾಡೋ ಯುವಿ ಟಾರ್ಚನ್ನ ಹಿಂದಿನ ಕಿಂಡಿಗೆ ಹಿಡಿದೆ. ಹಳದಿ ಬೆರೆತ ಹಸಿರು, ಎಳೇ ಬಾಳೆ ಎಲೆ ಬಣ್ಣ, ಪೂರ್ತಿ ಹೊಳೀತು! ಆದ್ರೆ ಒಂದು ವಿಚಿತ್ರ, ನಟ್ಟ ನಡುವೆ ಬೆರಳುಗುರಿನಷ್ಟು ಜಾಗ ಉಳಿದಿದ್ದಕ್ಕಿಂತ ಮಂಕಾಗಿದೆ. ಡ್ಯಾಮೇಜಾ?

ನಿರ್ವಾತ_ಮೇಷ್ಟ್ರು:
ಸವೆದಿದೆ. ವರ್ಷಗಟ್ಲೆ ಅಲ್ಲೇ ಎಲೆಕ್ಟ್ರಾನ್ ಬಿದ್ದೂ ಬಿದ್ದೂ ಫಾಸ್ಫರ್ ದಣಿದಿದೆ.

ಓಟಿ_ಬಸ್ಯಾ:
ನಾ ಹೇಳ್ಲಿಲ್ರೀ, ಎಲುಬು ನಟ್ಟ ನಡಕ ಇಡತೀವಿ ಅಂತ. ಯಾವನೋ ನನ್ನಂಥಾಂವ ಇಟ್ಟಾನ ನೋಡ್ರಿ.

ಗುಜರಿ_ಗಿರಾಕಿ:
😄 ಗುಜರಿಯವನು ಫೋನ್ ಮಾಡಿದ್ದ, ಇನ್ನೊಂದು ಬಂದಿದೆಯಂತೆ, 12 ಇಂಚಿಂದು, ಮುಖ ಗಾಜಿಂದಂತೆ. ಮನೇಲಿ ಇನ್ನೂ ಹೇಳಿಲ್ಲ.